ಕೀನ್ಯಾದಲ್ಲಿ ಮಕ್ಕಳ ರಕ್ಷಣೆ ಕೆಲಸಕ್ಕೆ ವಾಲಂಟಿಯರ್ ಆಗಿ ಹೋಗಬೇಕು ಅಂತಿದ್ದೇನೆ, ಎರಡರಲ್ಲಿ ಯಾವುದು ಸರಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಸದ್ಯ ಶಿವಮೊಗ್ಗದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಇನ್ನೊಂದು ಕೆಲಸಕ್ಕೆ ಸೇರುವ ಮೊದಲು ಸ್ವಲ್ಪ ಕಾಲ ಆಫ್ರಿಕಾದಲ್ಲಿ ಮಕ್ಕಳಿಗಾಗಿ ಏನಾದರೂ ಮಾಡಬೇಕು ಅನ್ನುವ ಆಸೆ ಬಹಳ ದಿನದಿಂದ ಇದೆ. ಕೀನ್ಯಾದಲ್ಲಿ ಎರಡು ದಾರಿ ಸಿಕ್ಕಿವೆ.

ಮೊದಲನೆಯದು ಒಂದು ಏಜೆನ್ಸಿ ಮೂಲಕ. ಮೊಂಬಾಸಾ ಕಡೆಯ ಸಮುದ್ರ ತೀರದಲ್ಲಿ ಒಂದು ಮಕ್ಕಳ ಮನೆ. ನಾಲ್ಕು ವಾರ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಆಟ ಆಡಿಸುವುದು, ಊಟ ಬಡಿಸುವುದು. ಕೊನೆಯ ವಾರಾಂತ್ಯ ಮಸಾಯಿ ಮಾರಾ ಸಫಾರಿ. ಇದಕ್ಕೆ ನಾನೇ ದುಡ್ಡು ಕೊಡಬೇಕು, ಕಡಿಮೆ ಏನಲ್ಲ.

ಎರಡನೆಯದು ಕಿಸುಮು ಹತ್ತಿರ ವಿಕ್ಟೋರಿಯಾ ಸರೋವರದ ದಂಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆ. ಅವರಿಗೆ ಕಟ್ಟಡ ಅಂತ ದೊಡ್ಡದೇನೂ ಇಲ್ಲ, ಮಕ್ಕಳನ್ನು ಇಟ್ಟುಕೊಂಡೂ ಇಲ್ಲ. ವಿಡಿಯೋ ಕಾಲ್‌ನಲ್ಲಿ ಮಾತಾಡಿದಾಗ ನೇರವಾಗಿ ಹೇಳಿದರು: "ಮಕ್ಕಳ ಜೊತೆ ನಿಮಗೆ ಕೆಲಸ ಇರುವುದಿಲ್ಲ. ಲೆಕ್ಕ, ದಾಖಲೆ, ವರದಿ ಇವಕ್ಕೆ ಜನ ಬೇಕು. ಕನಿಷ್ಠ ಆರು ತಿಂಗಳು. ಪೊಲೀಸ್ ಪ್ರಮಾಣಪತ್ರ ತರಬೇಕು."

ನಿಜ ಹೇಳಬೇಕಂದರೆ ನನ್ನ ಮನಸ್ಸು ಮೊದಲನೆಯದರ ಕಡೆಗೇ ಇದೆ. ಎಕ್ಸೆಲ್ ಮಾಡೋದಕ್ಕೆ ಅಷ್ಟು ದೂರ ಹೋಗಬೇಕಾ? ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ.

ನೈರೋಬಿ ನಿವಾಸಿ

ಎರಡನೆಯದು. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಗೇ ಜಾಗ ಇಲ್ಲ.

ಏಜೆನ್ಸಿಯವರು ಹೇಳದ ವಿಷಯ ಒಂದಿದೆ. ಕೀನ್ಯಾ ಸರ್ಕಾರ 2017ರ ನವೆಂಬರ್‌ನಲ್ಲೇ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಅದೇ ವರ್ಷ ಹತ್ತು ವರ್ಷದ ಒಂದು ಯೋಜನೆಯನ್ನೂ ಹೊರತಂದರು, 2032ರವರೆಗೆ. ಅದರ ತಿರುಳು ಇಷ್ಟೇ: ಮನೆಗಳಲ್ಲಿ ಇರುವ ಮಕ್ಕಳನ್ನು ಹಂತ ಹಂತವಾಗಿ ಕುಟುಂಬಗಳಿಗೆ ವಾಪಸ್ ಕಳಿಸಬೇಕು. ಸ್ವಂತ ಕುಟುಂಬ ಆಗದಿದ್ದರೆ ನೆಂಟರ ಮನೆ, ಅದೂ ಆಗದಿದ್ದರೆ ಸಾಕು ಕುಟುಂಬ. ಕರಾವಳಿಯ ಮುಸ್ಲಿಂ ಸಮುದಾಯದ ಕಫಾಲಾ ಪದ್ಧತಿಗೂ (ಬೇರೆಯವರ ಮಗುವನ್ನು ದತ್ತು ಪಡೆಯದೆ ಮನೆಯಲ್ಲಿ ಸಾಕುವುದು) ಹೊಸ ಕಾಯ್ದೆಯಲ್ಲಿ ಜಾಗ ಕೊಟ್ಟಿದ್ದಾರೆ.

ದೇಶವೇ ಹೀಗೆ ಒಂದು ಕಡೆ ಹೊರಟಿರುವಾಗ ನೀವು ದುಡ್ಡು ಕೊಟ್ಟು ಎದುರು ದಿಕ್ಕಿಗೆ ಹೋಗುವುದು ಯಾಕೆ? "ಅನಾಥ ಮಕ್ಕಳು" ಅಂತ ಏಜೆನ್ಸಿಯವರು ಬರೆದಿರುತ್ತಾರಲ್ಲ, ಅದನ್ನೂ ನಂಬಬೇಡಿ. ಸೇವ್ ದ ಚಿಲ್ಡ್ರನ್ 2009ರಲ್ಲೇ ಹೇಳಿತ್ತು, ಜಗತ್ತಿನಲ್ಲಿ ಇಂಥ ಮನೆಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ ಅಂತ. ಬಡತನ, ಕಾಯಿಲೆ, ಶಾಲೆ ಫೀಸು. ಅದಕ್ಕೆ ಕಳಿಸಿರುತ್ತಾರೆ.

ಬಿಸಿಬೇಳೆ

ಸರ್, ಕಾನೂನು ಎಲ್ಲ ಸರಿ. ಆದರೆ ಈಗ ಆ ಮನೆಯಲ್ಲಿ ಇರುವ ಮಕ್ಕಳ ಕಥೆ ಏನು? ಯೋಜನೆ ಮುಗಿಯೋದು 2032ಕ್ಕೆ. ಅಲ್ಲಿಯವರೆಗೆ ಯಾರೂ ಹೋಗಿ ಮಾತಾಡಿಸಬಾರದಾ? ಒಂದು ತಿಂಗಳು ಆಟ ಆಡಿಸಿ, ನಗಿಸಿ ಬಂದರೆ ಯಾರಿಗೆ ನಷ್ಟ? ಮನೆಗೆ ನಾಲ್ಕು ಕಾಸು ಸಿಗುತ್ತದೆ, ಅಷ್ಟೇ ಅಲ್ವಾ?

ಆಪ್ತಸಲಹೆ ಮಂಗಳೂರು

ನಷ್ಟ ಮಗುವಿಗೆ. ನಾನು ಮಕ್ಕಳ ಜೊತೆ ಆಪ್ತಸಲಹೆ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಣ್ಣ ಮಗುವಿಗೆ ಬೇಕಾಗಿರುವುದು ತುಂಬಾ ಜನರ ಪ್ರೀತಿ ಅಲ್ಲ. ಒಬ್ಬಿಬ್ಬರು, ಅದೇ ಜನ, ದಿನಾ ಇರಬೇಕು. ಅಳುವಾಗ ಬರಬೇಕು, ಬೈದ ಮೇಲೂ ಇರಬೇಕು, ನಾಳೆಯೂ ಇರಬೇಕು. ಇಂಥ ಮನೆಗಳಲ್ಲಿ ಪ್ರತಿ ತಿಂಗಳು ಹೊಸ ಅಕ್ಕ, ಹೊಸ ಅಣ್ಣ ಬರುತ್ತಾರೆ. ಮಗು ಹಚ್ಚಿಕೊಳ್ಳುತ್ತದೆ, ಅವರು ವಿಮಾನ ಹತ್ತುತ್ತಾರೆ. ಮತ್ತೆ ಇನ್ನೊಬ್ಬರು. ಸ್ವಲ್ಪ ಕಾಲಕ್ಕೆ ಮಗು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ, ಇಲ್ಲವೇ ಗೇಟಿನೊಳಗೆ ಬಂದ ಯಾರನ್ನಾದರೂ ಓಡಿ ಬಂದು ತಬ್ಬಿಕೊಳ್ಳುತ್ತದೆ. ಬಂದವರು "ಎಷ್ಟು ಪ್ರೀತಿ ನೋಡಿ" ಅನ್ನುತ್ತಾರೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಹೋಗುತ್ತದೆ. ಅದು ಸರಿಯಾದ ಲಕ್ಷಣ. ಅಪರಿಚಿತರ ಕುತ್ತಿಗೆಗೆ ಜೋತುಬೀಳುವ ಮಗುವನ್ನು ಕಂಡರೆ ನಮ್ಮಂಥವರಿಗೆ ಗಾಬರಿ ಆಗುತ್ತದೆ.

ಇನ್ನೊಂದು ಮಾತು. ನಿಮ್ಮ ಬಗ್ಗೆ ಏನೂ ವಿಚಾರಿಸದೆ ಮಕ್ಕಳ ಹತ್ತಿರ ಬಿಡುವ ಜಾಗ, ಬೇರೆ ಯಾರನ್ನೂ ವಿಚಾರಿಸದೆ ಬಿಡುತ್ತದೆ. ಮಕ್ಕಳಿಗೆ ಕೆಡುಕು ಮಾಡುವ ಉದ್ದೇಶದವರು ಹುಡುಕುವುದೇ ಅಂಥ ಜಾಗಗಳನ್ನು. ಎರಡನೆಯ ಸಂಸ್ಥೆ ಮೊದಲೇ ಪೊಲೀಸ್ ಪ್ರಮಾಣಪತ್ರ ಕೇಳಿತು ಅಂದಿರಲ್ಲ, ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು.

ತುಂಗಾತೀರ

ಮೇಡಂ, ನಾನು ಈ ದಿಕ್ಕಿನಿಂದ ನೋಡೇ ಇರಲಿಲ್ಲ. ಆದರೂ ಒಂದು ಅರ್ಥ ಆಗುತ್ತಿಲ್ಲ. ಕಟ್ಟಡ ಇಲ್ಲ, ಮಕ್ಕಳನ್ನು ಇಟ್ಟುಕೊಂಡಿಲ್ಲ ಅಂದರೆ ಈ ಕಿಸುಮು ಸಂಸ್ಥೆಯವರು ದಿನಾ ಮಾಡುವುದಾದರೂ ಏನು? "ಸಮುದಾಯದ ಮೂಲಕ ರಕ್ಷಣೆ" ಅಂತ ಅವರ ಕಾಗದದಲ್ಲಿ ಇದೆ. ಸಭೆ ಸಮಾರಂಭ ಅಂತ ಕಾಲ ಕಳೆಯುವುದು ಅಲ್ಲ ತಾನೆ?

ಕಬ್ಬಿನ ಎಂಜಿನಿಯರ್

ಇದಕ್ಕೆ ನಾನು ಉತ್ತರ ಕೊಡಬಹುದು. ಮಂಡ್ಯದವನು, ಕಿಸುಮು ಸುತ್ತಿನ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ. ರಜೆ ದಿನ ಇಂಥದ್ದೇ ಒಂದು ಗುಂಪಿಗೆ ಗಾಡಿ ಓಡಿಸುವುದು, ಪಂಪು ರಿಪೇರಿ ಮಾಡುವುದು, ಹೀಗೆ ಕೈಲಾದ್ದು ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಮೊದಲು ಜಾಗದ ಬಗ್ಗೆ. ಕಿಸುಮು, ಸಿಯಾಯಾ, ಹೋಮಾ ಬೇ, ಈ ಸರೋವರದ ದಂಡೆಯ ಕೌಂಟಿಗಳಲ್ಲಿ ಎಚ್‌ಐವಿ ಕೀನ್ಯಾದಲ್ಲೇ ಅತಿ ಜಾಸ್ತಿ. ಔಷಧಿ ಸಿಗುವ ಮೊದಲು ಒಂದು ತಲೆಮಾರಿನ ಅಪ್ಪ ಅಮ್ಮಂದಿರು ಹೋಗಿಬಿಟ್ಟರು. ಮಕ್ಕಳನ್ನು ಅಜ್ಜಿಯರು ಸಾಕಿದರು. ಈಗಲೂ ಎಷ್ಟೋ ಮನೆಗಳಲ್ಲಿ ಒಬ್ಬ ಅಜ್ಜಿ, ನಾಲ್ಕೈದು ಮೊಮ್ಮಕ್ಕಳು. ಅನಾಥ ಮಕ್ಕಳಿಗೆ ಅಂತ ಸರ್ಕಾರ 2004ರಿಂದ ಒಂದು ಸಹಾಯಧನ ಶುರುಮಾಡಿದೆ, ಮನೆಗೆ ತಿಂಗಳಿಗೆ 2,000 ಶಿಲ್ಲಿಂಗ್. ಬಂದಾಗ ಬಂತು. ಎಲ್ಲರಿಗೂ ಸಿಗುವುದೂ ಇಲ್ಲ.

ಈ ಮಕ್ಕಳಿಗೆ ಅಪಾಯ ಎಲ್ಲಿಂದ ಬರುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಒಂದು, ಡಿಸ್ಕೋ ಮಟಂಗಾ. ಯಾರಾದರೂ ತೀರಿಕೊಂಡರೆ ಖರ್ಚಿಗೆ ದುಡ್ಡು ಎತ್ತಲು ಸಾವಿನ ಮನೆಯ ಹತ್ತಿರ ರಾತ್ರಿಯಿಡೀ ಹಾಡು ಹಾಕಿ ಕುಣಿಯುತ್ತಾರೆ. ಸುತ್ತಲಿನ ಊರಿನ ಹುಡುಗ ಹುಡುಗಿಯರೆಲ್ಲ ಸೇರುತ್ತಾರೆ. ಕುಡಿತ, ಕತ್ತಲು, ದೊಡ್ಡ ಗಂಡಸರು. ಹದಿನಾಲ್ಕು ಹದಿನೈದರ ಹುಡುಗಿಯರು ಬಸುರಿಯಾಗುವುದಕ್ಕೆ ಇದೊಂದು ದೊಡ್ಡ ಕಾರಣ. ಸರ್ಕಾರ ನಿಷೇಧ ಮಾಡಿದೆ. ಆದರೂ ನಡೆಯುತ್ತದೆ.

ಇನ್ನೊಂದು, ಜಬೋಯಾ. ಮೀನು ಹಿಡಿದು ತರುವ ದೋಣಿಯವನು, ಮೀನು ಮಾರುವ ಹೆಂಗಸಿಗೆ ಮೀನು ಕೊಡಲು ದುಡ್ಡಿನ ಜೊತೆ ದೇಹವನ್ನೂ ಕೇಳುತ್ತಾನೆ. ಮನೆಯಲ್ಲಿ ಅಜ್ಜಿಗೆ ಕೈಲಾಗದಿದ್ದರೆ ಮೀನಿಗೆ ಹೋಗುವುದು ಮೊಮ್ಮಗಳು. ಹುಡುಗರು ಶಾಲೆ ಬಿಟ್ಟು ದೋಣಿ ಹತ್ತುತ್ತಾರೆ, ಅದು ಬೇರೆ.

ಇದನ್ನು ತಡೆಯುವವರು ಯಾರು? ಪೊಲೀಸ್ ಠಾಣೆ ದೂರ. ಸಬ್ ಕೌಂಟಿಯ ಮಕ್ಕಳ ಅಧಿಕಾರಿ ಇರುತ್ತಾರೆ, ಆದರೆ ಒಬ್ಬರ ಕೈಗೆ ನೂರಾರು ಹಳ್ಳಿ. ಹಾಗಾಗಿ ತಡೆಯುವವರು ಊರವರೇ. ಮಕ್ಕಳ ಇಲಾಖೆ ಗುರುತಿಸಿದ ಸಂಬಳ ಇಲ್ಲದ ಸ್ವಯಂಸೇವಕ ಅಧಿಕಾರಿ ಒಬ್ಬರು, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ (ನಮ್ಮ ಆಶಾ ಇದ್ದ ಹಾಗೆ), ಒಬ್ಬ ಮೇಷ್ಟ್ರು, ಚರ್ಚಿನವರು, ಮೀನುದಂಡೆ ಸಮಿತಿಯಿಂದ ಒಬ್ಬ, ಚೀಟಿ ಗುಂಪಿನ ಹೆಂಗಸರು. ಚೀಟಿ ಗುಂಪಿಗೆ ಇಲ್ಲಿ ಚಾಮಾ ಅನ್ನುತ್ತಾರೆ. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಆ ಹೆಂಗಸರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಚೀಫ್ (ಸರ್ಕಾರ ನೇಮಿಸಿದ ಸ್ಥಳೀಯ ಆಡಳಿತಗಾರ) ಕರೆಯುವ ಊರಸಭೆ, ಬರಾಜಾ, ಅಲ್ಲಿ ಎದ್ದು ನಿಂತು "ಈ ಸಲ ಸಾವಿನ ಮನೆಯಲ್ಲಿ ಡಿಸ್ಕೋ ಬೇಡ, ಖರ್ಚಿಗೆ ನಾವೇ ಕೂಡಿಸಿ ಕೊಡುತ್ತೇವೆ" ಅಂತ ಹೇಳುವವರು ಇವರೇ. ಹೊರಗಿನವರು ಹೇಳಿದರೆ ಕಲ್ಲು ಬೀಳುತ್ತದೆ.

ಸಂಸ್ಥೆಯ ಕೆಲಸ ಈ ಜನರ ಹಿಂದೆ ನಿಲ್ಲುವುದು. ತರಬೇತಿ ಕೊಡುವುದು, ಫೋನಿಗೆ ಕರೆನ್ಸಿ ಹಾಕುವುದು, ಬೋಡಾ ಬೋಡಾ ಅನ್ನುವ ಟ್ಯಾಕ್ಸಿ ಬೈಕಿಗೆ ಬಾಡಿಗೆ ಕೊಡುವುದು. ನಗಬೇಡಿ, ಬಾಡಿಗೆ ದೊಡ್ಡ ವಿಷಯ. ಒಂದು ಮಗುವಿನ ಮೇಲೆ ಅತ್ಯಾಚಾರ ಆದರೆ 72 ಗಂಟೆಯೊಳಗೆ ಆಸ್ಪತ್ರೆಯಲ್ಲಿ ಎಚ್‌ಐವಿ ತಡೆಯುವ ಔಷಧಿ ಶುರುವಾಗಬೇಕು. ಆದಷ್ಟು ಬೇಗ, ಸ್ನಾನ ಮಾಡಿಸದೆ ಕರೆದುಕೊಂಡು ಹೋಗಬೇಕು. ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಲ್ಲ, ಕಾಗದದ ಚೀಲದಲ್ಲಿ ಇಡಬೇಕು. ದೌರ್ಜನ್ಯದ ವೈದ್ಯಕೀಯ ದಾಖಲೆಯಾದ ಪೊಲೀಸರ ಪಿ3 ಫಾರಂ ವೈದ್ಯರಿಂದ ತುಂಬಿಸಬೇಕು. ಇದೆಲ್ಲ ಗೊತ್ತಿರುವ ಒಬ್ಬ ಹೆಂಗಸು ಪ್ರತಿ ಹಳ್ಳಿಯಲ್ಲಿ ಇದ್ದರೆ, ಅವಳ ಕೈಯಲ್ಲಿ ಬೈಕಿನ ಬಾಡಿಗೆ ಇದ್ದರೆ, ಕೇಸು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಆರೋಪಿ ಕಡೆಯವರು ಮೇಕೆಯೋ ದುಡ್ಡೋ ಕೊಟ್ಟು ರಾಜಿ ಮಾಡಿಸಿರುತ್ತಾರೆ. ಆಮೇಲೆ ಕೋರ್ಟಿಗೆ ಅಲೆದಾಟ, ವಾಯಿದೆ ಮೇಲೆ ವಾಯಿದೆ. ಅಲ್ಲಿಗೂ ಬಾಡಿಗೆ ಬೇಕು.

ಈಗ ನೀವೇ ಹೇಳಿ, ಇದರಲ್ಲಿ ಶಿವಮೊಗ್ಗದಿಂದ ಬಂದ, ಅಲ್ಲಿಯ ಡೊಲುವೊ ಭಾಷೆ ಬಾರದ ಹುಡುಗಿ ಮಗುವಿನ ಪಕ್ಕ ನಿಂತು ಮಾಡುವುದು ಏನಿದೆ? ಆದರೆ ಆ ಬಾಡಿಗೆಯ ಲೆಕ್ಕ ಬರೆದು, ದುಡ್ಡು ಕೊಟ್ಟವರಿಗೆ ಸಮಯಕ್ಕೆ ಸರಿಯಾಗಿ ವರದಿ ಕಳಿಸಿ, ಮುಂದಿನ ವರ್ಷದ ಬಾಡಿಗೆ ಬರುವ ಹಾಗೆ ಮಾಡುವುದು ನಿಮ್ಮಿಂದ ಆಗುತ್ತದೆ. ಅಲ್ಲಿ ಅದನ್ನು ಮಾಡುವ ಜನ ಇಲ್ಲ ಅಂತಲ್ಲ. ಓದಿದ ಹುಡುಗರು ಬೇಕಾದಷ್ಟಿದ್ದಾರೆ. ಅವರಿಗೆ ಸಂಬಳ ಕೊಡಲು ಸಂಸ್ಥೆ ಹತ್ತಿರ ದುಡ್ಡಿಲ್ಲ. ಆದ್ದರಿಂದ ಹೋದರೆ ಸ್ಥಳೀಯ ಒಬ್ಬರ ಜೊತೆ ಕೂತು ಮಾಡಿ, ನೀವು ವಾಪಸ್ ಬಂದ ಮೇಲೂ ಅದು ನಡೆಯಬೇಕು.

ಧಾರವಾಡ ಮಾಸ್ತರ

ಎಲ್ಲಾ ಓದಿದೆ. ಚಲೋ ಮಾತು. ಆದರ ನನ್ನದೊಂದು ಪ್ರಶ್ನೆ. ಆಫ್ರಿಕಾ ಯಾಕ್ರೀ? ರಾಯಚೂರು, ಯಾದಗಿರಿ, ಕೊಪ್ಪಳದಲ್ಲಿ ಬಾಲ್ಯವಿವಾಹ ನಿಂತಿಲ್ಲ. ಹತ್ತಿ ಹೊಲದಲ್ಲಿ ಮಕ್ಕಳು ಕೆಲಸ ಮಾಡುತ್ತಾರೆ. ಇಲ್ಲಿ ಭಾಷೆ ಬರುತ್ತದೆ, ವೀಸಾ ಬೇಡ. ಮನೆ ಮುಂದಿನ ಕಸ ಬಿಟ್ಟು ದೂರದ ಓಣಿ ಗುಡಿಸಾಕ ಹೋಗೋದು ಯಾಕ?

ನೈರೋಬಿ ನಿವಾಸಿ

ಮಾಸ್ತರೇ, ಯಾರಾದರೂ ಆಫ್ರಿಕಾ ಅಂದ ತಕ್ಷಣ ಒಬ್ಬರು ರಾಯಚೂರು ಅನ್ನುತ್ತಾರೆ. ರಾಯಚೂರಿಗೆ ಬನ್ನಿ ಅಂದಾಗ ಮಾತ್ರ ಯಾರೂ ಕಾಣಿಸುವುದಿಲ್ಲ. ನಿಮ್ಮನ್ನು ಅಂದಿದ್ದಲ್ಲ, ಒಟ್ಟಾರೆ ಹೇಳಿದೆ.

ಧಾರವಾಡ ಮಾಸ್ತರ

ನನ್ನ ಹೆಸರು ಹೇಳದೆ ನನಗೇ ಹೇಳಿದ್ರಿ, ಗೊತ್ತಾತು. ಇರಲಿ. ನಾನು ಶಾಲೆಯಲ್ಲಿದ್ದಾಗ ಮಕ್ಕಳ ಗ್ರಾಮಸಭೆ ಮಾಡಿಸುತ್ತಿದ್ದೆ. ಮಕ್ಕಳು ಪಂಚಾಯಿತಿ ಮುಂದೆ ನಿಂತು "ಶಾಲೆ ದಾರಿಯಲ್ಲಿ ಸೆರೆ ಅಂಗಡಿ ಇದೆ, ತೆಗೆಸಿ" ಅಂತ ಕೇಳುತ್ತಿದ್ದರು. ಈ ಹುಡುಗಿ ಅಂಥದ್ದನ್ನು ಮೊದಲು ಇಲ್ಲಿ ಕೂತು ನೋಡಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದ ಮೇಲೆ ಏನೇನು ಆಗುತ್ತದೆ ಅಂತ ತಿಳಿಯಲಿ. ಏನೂ ನೋಡದೆ ನೇರ ಕೀನ್ಯಾಕ್ಕೆ ಹೋದರ ಅಲ್ಲಿಯವರಿಗೆ ಕಲಿಸಿಕೊಡುವ ಕೆಲಸ ಜಾಸ್ತಿ.

ಕಬ್ಬಿನ ಎಂಜಿನಿಯರ್

ಮಾಸ್ತರ ಈ ಮಾತಿಗೆ ನನ್ನ ಓಟು. ಅಂದ ಹಾಗೆ ಕೀನ್ಯಾದ ಮಕ್ಕಳ ಸಹಾಯವಾಣಿ 116. ಉಗಾಂಡ, ತಾಂಜಾನಿಯಾದಲ್ಲೂ ಅದೇ ನಂಬರ್.

ಸಂಶೋಧನಾ ವಿದ್ಯಾರ್ಥಿನಿ

ನಾನು ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಎಲ್ಲರೂ "ಊರವರೇ ಕಾಯುತ್ತಾರೆ" ಅನ್ನುವುದನ್ನು ಸ್ವಲ್ಪ ಜಾಸ್ತಿಯೇ ಹೊಗಳುತ್ತಿದ್ದೀರಿ ಅನ್ನಿಸಿತು. ಎರಡು ತಕರಾರು ನನ್ನದು.

ಮೊದಲನೆಯದು, ಸಮಿತಿ ಅಂತ ಮಾಡಿದ ಕೂಡಲೇ ಅದು ಊರಿನದು ಆಗುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ವೆಸೆಲ್ಸ್ ಈ ವಿಷಯದಲ್ಲಿ ತುಂಬಾ ಕೆಲಸ ಮಾಡಿದ್ದಾರೆ. 2009ರಲ್ಲಿ ಹಲವು ದೇಶಗಳ ಇಂಥ ಸಮಿತಿಗಳ ವರದಿಗಳನ್ನೆಲ್ಲ ಜೋಡಿಸಿ ನೋಡಿದರು. ಹೊರಗಿನ ಸಂಸ್ಥೆ ಬಂದು ಕಟ್ಟಿದ ಸಮಿತಿಯನ್ನು ಜನ ಆ ಸಂಸ್ಥೆಯದು ಅಂತಲೇ ನೋಡುತ್ತಾರೆ. ಹಣ ನಿಂತರೆ ಅದೂ ನಿಲ್ಲುತ್ತದೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 2007ರ ಮಕ್ಕಳ ಹಕ್ಕುಗಳ ಕಾಯ್ದೆ ಪ್ರತಿ ಹಳ್ಳಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇರಬೇಕು ಅಂದಿತ್ತು. ಅವರ ತಂಡ ಹಳ್ಳಿಗಳಲ್ಲಿ ಉಳಿದು ನೋಡಿದಾಗ, ಮಗುವಿಗೆ ತೊಂದರೆಯಾದರೆ ಜನ ಆ ಸಮಿತಿಗೆ ಹೋಗುವುದು ಬಹಳ ಕಡಿಮೆ. ಮನೆಯ ಹಿರಿಯರ ಹತ್ತಿರ, ಊರ ಮುಖ್ಯಸ್ಥನ ಹತ್ತಿರ ಹೋಗುತ್ತಿದ್ದರು. ಆಮೇಲೆ ಅವರು ದಾರಿ ಬದಲಿಸಿದರು. ಬೊಂಬಾಲಿ, ಮೊಯಾಂಬಾ ಜಿಲ್ಲೆಗಳ ಕೆಲವು ಹಳ್ಳಿಗಳಿಗೆ "ನಿಮಗೆ ಯಾವುದು ದೊಡ್ಡ ಸಮಸ್ಯೆ, ನೀವೇ ಹೇಳಿ" ಅಂತ ಬಿಟ್ಟರು. ಅವರು ಆರಿಸಿಕೊಂಡದ್ದು ಹದಿಹರೆಯದ ಗರ್ಭಧಾರಣೆ. ಅದಕ್ಕೆ ಏನು ಮಾಡಬೇಕು ಅನ್ನುವುದನ್ನೂ ಅವರೇ ತೀರ್ಮಾನಿಸಿದರು. ಇದಕ್ಕೆಲ್ಲ ತುಂಬಾ ಸಮಯ ಹಿಡಿಯಿತು. ದಾನಿಗಳಿಗೆ ಅಷ್ಟು ತಾಳ್ಮೆ ಎಲ್ಲಿ?

ಎರಡನೆಯದು, ಊರು ಅಂದರೆ ಒಳ್ಳೆಯವರ ಗುಂಪು ಅಂತ ಅಲ್ಲ. ಆರೋಪಿ ಸಮಿತಿಯ ಸದಸ್ಯನ ತಮ್ಮ ಆಗಿರಬಹುದು. ಮಗುವಿನ ಮೇಲೆ ಕೈ ಮಾಡಿದವನೇ ಆ ಮನೆಗೆ ಅನ್ನ ಹಾಕುವವನು ಆಗಿರಬಹುದು. ಕುಟುಂಬಕ್ಕೇ ವಾಪಸ್ ಕಳಿಸಬೇಕು ಅನ್ನುವ ಮಾತು ಸರಿ, ಆದರೆ ಕೆಲವು ಮಕ್ಕಳು ಓಡಿಬಂದಿರುವುದೇ ಕುಟುಂಬದಿಂದ.

ಆಪ್ತಸಲಹೆ ಮಂಗಳೂರು

ಎರಡನೆಯ ಮಾತು ನೂರಕ್ಕೆ ನೂರು ನಿಜ. ಅಂಥ ಮಗುವಿಗೆ ತುರ್ತಾಗಿ ಉಳಿಯುವ ಜಾಗ ಬೇಕೇ ಬೇಕು. ಅದು ಕೆಲವೇ ದಿನಕ್ಕೆ ಇರಬೇಕು, ತಿಳಿದವರ ಕೈಯಲ್ಲಿ ಇರಬೇಕು. ಪ್ರವಾಸಿಗರು ಬಂದು ಡ್ಯಾನ್ಸ್ ನೋಡುವ ಜಾಗ ಆಗಬಾರದು.

ಕಬ್ಬಿನ ಎಂಜಿನಿಯರ್

ವಿದ್ಯಾರ್ಥಿನಿ ಅವರ ಮಾತು ಒಪ್ಪುತ್ತೇನೆ. ಚೀಫ್‌ಗಳಲ್ಲೂ ಎಲ್ಲ ಥರದವರು ಇದ್ದಾರೆ. ಅದಕ್ಕೇ ನಾನು ನೋಡಿದ ಗುಂಪಿನಲ್ಲಿ ಹೆಂಗಸರು ಒಂದು ಕ್ರಮ ಮಾಡಿಕೊಂಡಿದ್ದರು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ಊರಸಭೆಗೆ ಒಯ್ಯುವುದೇ ಇಲ್ಲ. ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಮತ್ತು ಮಕ್ಕಳ ಅಧಿಕಾರಿ. ಊರಿಗೆ ಸುದ್ದಿ ಕೊನೆಗೆ. ಶಾಲೆ ಬಿಡಿಸುವುದು, ಹೊಡೆಯುವುದು, ಊಟ ಇಲ್ಲದಿರುವುದು ಇವು ಮಾತ್ರ ಊರಲ್ಲಿ ಕೂತು ಮಾತಾಡುವ ವಿಷಯ. ಇದು ಎಲ್ಲ ಕಡೆ ಹೀಗೇ ಇದೆ ಅಂತ ಹೇಳಲಾರೆ.

ರಾಜಿ ಮಾಡಿಸುವವರಿಗೆ ಈ ಹೆಂಗಸರ ಮೇಲೆ ಎಷ್ಟು ಸಿಟ್ಟು ಅನ್ನುತ್ತೀರಿ! ಒಬ್ಬಾಕೆಯ ಮೆಕ್ಕೆಜೋಳ ರಾತ್ರೋರಾತ್ರಿ ಕೊಯ್ದುಹಾಕಿದ್ದರು. ಹೊರಗಿನಿಂದ ಬಂದವರಿಗೆ ಈ ಅಪಾಯ ಇಲ್ಲ, ವಾಪಸ್ ಹೋಗುತ್ತಾರೆ. ಆಕೆ ಅಲ್ಲೇ ಬದುಕಬೇಕು.

ಬಿಸಿಬೇಳೆ

ಹಾಗಾದರೆ ನನ್ನ ಪೆದ್ದು ಪ್ರಶ್ನೆ. ಹೋಗುವ ಬದಲು ಆ ವಿಮಾನದ ದುಡ್ಡು, ಆರು ತಿಂಗಳ ಖರ್ಚು ಎಲ್ಲ ಆ ಸಂಸ್ಥೆಗೇ ಕಳಿಸಿದರೆ? ಎಷ್ಟು ಬೈಕ್ ಬಾಡಿಗೆ ಆಗುತ್ತದೆ!

ಲೆಕ್ಕಪತ್ರ

ಪೆದ್ದು ಪ್ರಶ್ನೆ ಅಲ್ಲ, ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ. ನಾನು ಸಿಎ. ಕೀನ್ಯಾದ ಒಂದು ಚಿಕ್ಕ ಗುಂಪಿಗೆ ಬೆಂಗಳೂರಿನಲ್ಲೇ ಕೂತು ಲೆಕ್ಕ ನೋಡಿಕೊಡುತ್ತೇನೆ.

ದುಡ್ಡು ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆಯಲ್ಲಿ ವಿದೇಶಕ್ಕೆ ದಾನ ಕೊಡಲು ಅವಕಾಶ ಇದೆ, ಬ್ಯಾಂಕಿನಲ್ಲಿ ಫಾರಂ ಎ2 ತುಂಬಬೇಕು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅಂತ ಹೆದರಬೇಡಿ, ಅದು ಹೊರಗಿನಿಂದ ಒಳಗೆ ಬರುವ ದುಡ್ಡಿಗೆ. ಆದರೆ 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಆದರೂ ದುಡ್ಡೊಂದೇ ಸಾಕಾಗುವುದಿಲ್ಲ ಅನ್ನುವುದು ನನ್ನ ಅನುಭವ. ಈ ಚಿಕ್ಕ ಗುಂಪುಗಳ ಕಷ್ಟ ಏನಂದರೆ, ದುಡ್ಡು ಕೊಡುವ ದೊಡ್ಡವರು ಕೇಳುವ ಕಾಗದ. ಮೂರು ತಿಂಗಳಿಗೊಮ್ಮೆ ವರದಿ, ಅವರದೇ ನಮೂನೆಯಲ್ಲಿ. ಖರ್ಚೆಲ್ಲ ಎಂ-ಪೆಸಾದಲ್ಲಿ (ಅಲ್ಲಿ ಫೋನಿನಲ್ಲೇ ದುಡ್ಡು ಕಳಿಸುವ ವ್ಯವಸ್ಥೆ) ಚೂರು ಚೂರಾಗಿ ಆಗಿರುತ್ತದೆ, ಬೈಕಿನವನು ರಸೀದಿ ಕೊಡುವುದಿಲ್ಲ. ಆಡಿಟರ್ ರಸೀದಿ ಕೇಳುತ್ತಾನೆ. ಇದರ ಮಧ್ಯೆ ಕಾನೂನೂ ಬದಲಾಗಿದೆ. ಸಮುದಾಯ ಗುಂಪುಗಳ ನೋಂದಣಿಗೆ 2022ರಲ್ಲಿ ಬೇರೆಯೇ ಕಾಯ್ದೆ ಬಂತು. ಎನ್‌ಜಿಒಗಳಿಗೆ 2013ರಲ್ಲಿ ಪಾಸಾಗಿ ಮೂಲೆಗೆ ಬಿದ್ದಿದ್ದ ಕಾಯ್ದೆ 2024ರ ಮೇ ತಿಂಗಳಲ್ಲಿ ಕೊನೆಗೂ ಜಾರಿಗೆ ಬಂತು. ಯಾವುದರ ಕೆಳಗೆ ಇದ್ದೇವೆ ಅಂತ ಎಷ್ಟೋ ಗುಂಪುಗಳಿಗೇ ಗೊಂದಲ.

ತುಂಗಾ ಅವರೇ, ನೀವು ಟೆಸ್ಟಿಂಗ್‌ನವರು. ತಪ್ಪು ಹುಡುಕುವುದೇ ನಿಮ್ಮ ಕಸುಬು. ಇದಕ್ಕೆ ನಿಮಗಿಂತ ಸರಿಯಾದವರು ಯಾರು?

ಒಂದು ಎಚ್ಚರಿಕೆ. ಮಕ್ಕಳ ಕೇಸಿನ ಕಡತ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರಬಾರದು. ಕೀನ್ಯಾದಲ್ಲಿ 2019ರಿಂದ ಡೇಟಾ ರಕ್ಷಣೆ ಕಾಯ್ದೆ ಇದೆ. ಅದಿಲ್ಲದಿದ್ದರೂ, ಒಂದು ಹುಡುಗಿಯ ಹೆಸರು, ಊರು, ಏನಾಯಿತು ಅನ್ನುವುದು ಸೋರಿಹೋದರೆ ಅವಳ ಬಾಳು ಏನಾಗಬೇಕು? ಹೆಸರಿನ ಬದಲು ನಂಬರ್ ಹಾಕಿ, ಹೆಸರಿನ ಪಟ್ಟಿ ಬೇರೆ ಕಡೆ ಬೀಗದೊಳಗೆ ಇಡುವ ಕ್ರಮ ಇದೆಯಾ ಅಂತ ಕೇಳಿ.

ಹೊಸನಗರ ಗಿರಿ

ಅಕ್ಕ, ಹೋದರೆ ಇಲ್ಲಿ ಫೋಟೋ ಹಾಕಿ. ಆ ಮಕ್ಕಳನ್ನು ನೋಡುವ ಆಸೆ.

ಕಬ್ಬಿನ ಎಂಜಿನಿಯರ್

ಸರೋವರದ ಫೋಟೋ ಹಾಕಲಿ, ಸಾಯಂಕಾಲ ಬಹಳ ಚೆನ್ನಾಗಿರುತ್ತದೆ. ಮಕ್ಕಳದ್ದು ಬೇಡ. ನಿಮ್ಮ ಮನೆ ಮಗು ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾರೋ ಬಂದು ಫೋಟೋ ತೆಗೆದು ಬೇರೆ ದೇಶದ ಗ್ರೂಪಿಗೆ ಹಾಕಿದರೆ ಒಪ್ಪುತ್ತೀರಾ?

ಹೊಸನಗರ ಗಿರಿ

ಹೌದು ಸರ್. ಯೋಚಿಸದೆ ಕೇಳಿದೆ.

ತುಂಗಾತೀರ

ಏಜೆನ್ಸಿಗೆ ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿದ್ದೆ. ಪೊಲೀಸ್ ಪ್ರಮಾಣಪತ್ರ ಬೇಕಾ? ಆ ಮನೆಯ ಮಕ್ಕಳಲ್ಲಿ ಎಷ್ಟು ಜನರಿಗೆ ಅಪ್ಪ ಅಮ್ಮ ಇದ್ದಾರೆ, ಅವರನ್ನು ವಾಪಸ್ ಕಳಿಸಲು ಏನು ಮಾಡುತ್ತಿದ್ದೀರಿ? ನಾನು ಕೊಡುವ ದುಡ್ಡಿನಲ್ಲಿ ಮನೆಗೆ ಎಷ್ಟು ಹೋಗುತ್ತದೆ?

ಉತ್ತರ ಬಂತು. ಮೊದಲನೆಯದಕ್ಕೆ "ಪಾಸ್‌ಪೋರ್ಟ್ ಪ್ರತಿ ಸಾಕು". ಎರಡನೆಯದಕ್ಕೆ "ಮಕ್ಕಳೆಲ್ಲ ನಿಮ್ಮ ಪ್ರೀತಿಗಾಗಿ ಕಾಯುತ್ತಿದ್ದಾರೆ". ಮೂರನೆಯದಕ್ಕೆ ಉತ್ತರವೇ ಇಲ್ಲ, ಬದಲಿಗೆ ಈ ವಾರ ಬುಕ್ ಮಾಡಿದರೆ ಸಫಾರಿಯಲ್ಲಿ ರಿಯಾಯಿತಿ ಅಂತ ಬರೆದಿದ್ದಾರೆ.

ಅದನ್ನು ಅಲ್ಲಿಗೇ ಬಿಟ್ಟೆ. ಕಿಸುಮು ಸಂಸ್ಥೆಯ ಜೊತೆ ಮತ್ತೆ ಮಾತಾಡಿದೆ. ಮೊದಲು ಇಲ್ಲಿಂದಲೇ ಲೆಕ್ಕದ ಕೆಲಸ ಶುರುಮಾಡಿ, ಇಬ್ಬರಿಗೂ ಹೊಂದಿಕೊಂಡರೆ ಆಮೇಲೆ ಬನ್ನಿ ಅಂದರು. ವೀಸಾ, ಲಸಿಕೆ, ಊಟ ಇವುಗಳ ಬಗ್ಗೆ ಗೊತ್ತಿರುವವರು ಹೇಳಿ. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ, ಅಮ್ಮನಿಗೆ ಅದೇ ದೊಡ್ಡ ಚಿಂತೆ.

ನೈರೋಬಿ ನಿವಾಸಿ

ಅಮ್ಮನಿಗೆ ಹೇಳಿ, ಕೀನ್ಯಾದಲ್ಲಿ ಚಪಾತಿ ಚಪಾತಿ ಅಂತಲೇ ಸಿಗುತ್ತದೆ. ಹೆಸರುಕಾಳಿನ ಗೊಜ್ಜಿನಂಥ ಪಲ್ಯಕ್ಕೆ ಎನ್ಡೆಂಗು ಅನ್ನುತ್ತಾರೆ. ಮೆಕ್ಕೆಜೋಳ ಮತ್ತು ಹುರುಳಿಕಾಯಿ ಜಾತಿಯ ಕಾಳು ಬೇಯಿಸಿದ್ದು ಗಿಥೇರಿ. ಸುಕುಮಾ ವಿಕಿ ಅಂತ ಒಂದು ಸೊಪ್ಪಿನ ಪಲ್ಯ, ಉಗಾಲಿ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕಿಸುಮುವಿಗೆ ರೈಲು ಬಂದಿದ್ದು 1901ರಲ್ಲಿ. ಆಗಿನಿಂದಲೂ ಗುಜರಾತಿ, ಪಂಜಾಬಿ ಜನ ಅಲ್ಲಿದ್ದಾರೆ, ಬೇಳೆ ಮಸಾಲೆ ಎಲ್ಲ ಸಿಗುತ್ತದೆ. ಎಂಜಿನಿಯರ್ ಅವರು ಉಗಾಲಿ ನೋಡಿ, ರಾಗಿಮುದ್ದೆ ನೆನಪಾಗಿ ಅತ್ತಿರಬೇಕು.

ವೀಸಾ ಬಗ್ಗೆ: 2024ರ ಜನವರಿಯಿಂದ ಇಟಿಎ ಅಂತ ಆನ್‌ಲೈನ್ ಅನುಮತಿ ಬಂದಿದೆ. ಪ್ರವಾಸಕ್ಕೆ ಅದು ಸಾಕು. ಸಂಬಳ ಇಲ್ಲದಿದ್ದರೂ ಕೆಲಸ ಅಂದರೆ ಕೆಲಸವೇ, ಅದಕ್ಕೆ ಬೇರೆ ಅನುಮತಿಯನ್ನು ಸಂಸ್ಥೆ ಮಾಡಿಸಬೇಕು. "ಟೂರಿಸ್ಟ್ ಅಂತ ಬನ್ನಿ, ಯಾರೂ ಕೇಳುವುದಿಲ್ಲ" ಅಂದರೆ ಹೋಗಬೇಡಿ. ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು.

ಆಪ್ತಸಲಹೆ ಮಂಗಳೂರು

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಕೀನ್ಯಾದಿಂದ ವಾಪಸ್ ಬರುವಾಗ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಆ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ, ಆಮೇಲೆ ಜೀವನಪೂರ್ತಿ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಸರೋವರದ ಕಡೆ ಮಲೇರಿಯಾ ಜಾಸ್ತಿ, ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ ಮಾತ್ರೆ ಬರೆಸಿಕೊಳ್ಳಿ.

ಇನ್ನೂ ಒಂದು. ಮಕ್ಕಳ ಹತ್ತಿರ ಹೋಗದಿದ್ದರೂ ಆ ಕಡತಗಳನ್ನು ಓದಬೇಕಾಗಬಹುದು. ಅದು ತಲೆಯಲ್ಲಿ ಉಳಿಯುತ್ತದೆ. ವಾರಕ್ಕೊಮ್ಮೆ ಮಾತಾಡಲು ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೇಕಿದ್ದರೆ ನನಗೆ ಸಂದೇಶ ಹಾಕಿ.

ಧಾರವಾಡ ಮಾಸ್ತರ

ಮಾತ್ರೆ ತಗೋ, ಕಾರ್ಡ್ ತಗೋ, ಚಟ್ನಿಪುಡಿ ತಗೋ. ವಾಪಸ್ ಬಂದ ಮೇಲೆ ರಾಯಚೂರಿಗೂ ಬಾರವ್ವ.

ತುಂಗಾತೀರ

ಬರುತ್ತೇನೆ ಸರ್, ನಿಮ್ಮ ಜೊತೆಗೇ ಬರುತ್ತೇನೆ. ನೀವೂ ಬರಬೇಕು, ಇಲ್ಲಿ ಎಲ್ಲರೂ ಸಾಕ್ಷಿ.

ಲೆಕ್ಕಪತ್ರ ಸರ್, ಅವರು ಕಳೆದ ತಿಂಗಳ ಎಂ-ಪೆಸಾ ಸ್ಟೇಟ್‌ಮೆಂಟ್ ಕಳಿಸಿದ್ದಾರೆ. ಪಿಡಿಎಫ್ ತೆರೆಯುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ.

ಲೆಕ್ಕಪತ್ರ

ಅದಕ್ಕೆ ಪಾಸ್‌ವರ್ಡ್ ಇರುತ್ತದೆ, ಸ್ಟೇಟ್‌ಮೆಂಟ್ ತೆಗೆದವರಿಗೆ ಗೊತ್ತಿರುತ್ತದೆ. ಅದೇ ಮೇಲ್‌ನಲ್ಲಿ ಕಳಿಸಬೇಡಿ ಅನ್ನಿ, ಫೋನಿನಲ್ಲಿ ಹೇಳಲಿ. ತೆರೆದ ಮೇಲೆ ಬೈಕ್ ಬಾಡಿಗೆಗಳನ್ನೆಲ್ಲ ಒಂದು ಕಡೆ ಬೇರ್ಪಡಿಸಿ. ಪ್ರತಿಯೊಂದಕ್ಕೂ ಯಾವ ಕೇಸ್ ನಂಬರ್, ಯಾವ ಊರಿಂದ ಎಲ್ಲಿಗೆ ಅಂತ ಅವರ ಡೈರಿ ನೋಡಿ ಬರೆಸಿ. ಬೈಕಿನವನ ರಸೀದಿ ಇಲ್ಲದ ಕಡೆ ಸ್ವಯಂಸೇವಕಿಯ ಸಹಿ ಇರುವ ಓಚರ್ ನಡೆಯುತ್ತದೆಯಾ ಅಂತ ದಾನಿಗಳನ್ನು ಈಗಲೇ ಕೇಳಿಬಿಡಿ. ಭಾನುವಾರ ಸಂಜೆ ಒಂದು ಸಲ ಒಟ್ಟಿಗೆ ಕೂತು ನೋಡೋಣ.